ಮಾಸ್ಕೋದ ಅಕಾರ, ವೊಲೊಗ್ದಾದ ಒಕಾರ

1339ರಲ್ಲಿ (ಇನ್ನೊಂದು ಲೆಕ್ಕದ ಪ್ರಕಾರ 1340ರ ಆರಂಭದಲ್ಲಿ) ಮೆಲೆಂತಿ ಮತ್ತು ಪ್ರೊಕೋಶಾ ಎಂಬ ಇಬ್ಬರು ಲಿಪಿಕಾರರು ಸುವಾರ್ತೆಯ ಒಂದು ಪ್ರತಿಯನ್ನು ಬರೆದು ಮುಗಿಸಿದರು. ಅದು ದೂರದ ಉತ್ತರ ದ್ವಿನಾ ನದಿಯ ಸೀಮೆಯ ಮಠಕ್ಕೆ ಹೋಗಬೇಕಿದ್ದ ಕಾಣಿಕೆ. ಗ್ರಂಥದ ಕೊನೆಯಲ್ಲಿ ಮಾಸ್ಕೋದ ದೊರೆ ಇವಾನ್ ಕಲಿತಾನನ್ನು ಕೊಂಡಾಡುವ ಒಂದು ಬರಹವಿದೆ. ಬರಿದಾದ ನಾಡಿನಲ್ಲಿ ಒಬ್ಬ ಅರಸ ಮೂಡಿಬರುತ್ತಾನೆ ಎಂಬ ಮಾತು ಅಲ್ಲಿ ಬರುತ್ತದೆ. 'ಬರಿದಾದ' ಎನ್ನುವ ಆ ಪದವನ್ನು ಲಿಪಿಕಾರ 'ಒ' ಅಕ್ಷರದಿಂದ ಶುರುಮಾಡಬೇಕಿತ್ತು. ಅವನು 'ಅ' ಬರೆದ. ಕಣ್ಣು ಮುಂದಿನ ಪದದ ಮೇಲಿತ್ತು, ಕೈ ತನ್ನ ನಾಲಿಗೆಯನ್ನು ಹಿಂಬಾಲಿಸಿತು.

ಮಾಸ್ಕೋ ಸೀಮೆಯ ಮಾತಿನಲ್ಲಿ ಒಕಾರ ಅಕಾರವಾಗುತ್ತಿತ್ತು ಎನ್ನುವುದಕ್ಕೆ ನಮಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ಸಾಕ್ಷಿಗಳಲ್ಲಿ ಇದೂ ಒಂದು. ಅದು ಸಿಕ್ಕ ಜಾಗವೂ ಅಷ್ಟೇ ಮುಖ್ಯ. ಮಂಗೋಲರ ಪರವಾಗಿ ಕಪ್ಪ ಸಂಗ್ರಹಿಸುತ್ತ, ಸುತ್ತಲಿನ ಸಂಸ್ಥಾನಗಳನ್ನು ಒಂದೊಂದಾಗಿ ತನ್ನತ್ತ ಎಳೆದುಕೊಳ್ಳುತ್ತ, ಕಾಡಿನಂಚಿನ ಸಣ್ಣ ಊರಾಗಿದ್ದ ಮಾಸ್ಕೋವನ್ನು ಬಲಪಡಿಸಿದವನು ಇದೇ ಕಲಿತಾ. ಅವನ ಹೊಗಳಿಕೆಯ ಸಾಲಿನಲ್ಲೇ ಆ ಸ್ವರ ಮುಖ ತೋರಿಸಿತು. ಮುಂದಿನ ನಾಲ್ಕು ನೂರು ವರ್ಷಗಳಲ್ಲಿ ಆ ಊರೂ ಆ ಸ್ವರವೂ ಜೊತೆಜೊತೆಯಾಗಿ ಬೆಳೆದವು.

ರಷ್ಯನ್ ಕಿವಿಗೆ ಬೀಳದ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಪದದ ಪ್ರತಿ ಅಕ್ಷರಕ್ಕೂ ಅದರದೇ ಪಾಲು ಸಿಗುತ್ತದೆ. ರಷ್ಯನ್ನಿನಲ್ಲಿ ಹಾಗಲ್ಲ, ಪದದ ಒಂದು ಅಕ್ಷರಕ್ಕೆ ಒತ್ತು ಬೀಳುತ್ತದೆ, ಉಳಿದವು ಕುಗ್ಗುತ್ತವೆ. ಹಾಲಿಗೆ ಬರಹದಲ್ಲಿ 'ಮೊಲೊಕೊ' ಎಂದೇ ಇದೆ. ವೊಲೊಗ್ದಾ, ಕೊಸ್ತ್ರೊಮಾ, ಅರ್ಖಾಂಗೆಲ್ಸ್ಕ್ ಕಡೆಯ ಹಳ್ಳಿಯ ಅಜ್ಜಿ ಅದನ್ನು ಮೂರೂ ಒಕಾರಗಳನ್ನು ತುಂಬಿ 'ಮೊಲೊಕೋ' ಎನ್ನುತ್ತಾಳೆ. ಮಾಸ್ಕೋದಲ್ಲಿ ಅದು 'ಮಲಕೋ'. ಒತ್ತು ಬಿದ್ದ ಕೊನೆಯ ಒಕಾರವೊಂದೇ ಉಳಿದು, ಉಳಿದೆರಡು ಅಕಾರಕ್ಕೆ ಜಾರುತ್ತವೆ. ಮೊಸ್ಕ್ವಾ ಎಂದು ಬರೆದರೂ ರಾಜಧಾನಿಯವರು ತಮ್ಮ ಊರನ್ನು ಮಸ್ಕ್ವಾ ಎಂದೇ ಕರೆಯುತ್ತಾರೆ. ದಕ್ಷಿಣದ ರಿಯಾಜಾನ್, ತೂಲಾ, ಕುರ್ಸ್ಕ್ ಕಡೆಯೂ ಈ ಅಕಾರವೇ; ಅಲ್ಲಿ ಇನ್ನೊಂದು ಗುರುತೂ ಇದೆ. ಅವರ 'ಗ' ಗಟ್ಟಿಯಲ್ಲ, ಗ ಮತ್ತು ಹ ನಡುವೆ ಎಲ್ಲೋ ಉಸಿರಿನಂತೆ ಹಾದುಹೋಗುತ್ತದೆ.

ಈಗ ಮಾಸ್ಕೋದ ಮಾತನ್ನು ಕೇಳಿ: ಅದರ ಗಟ್ಟಿ 'ಗ' ಉತ್ತರದ್ದು, ಅಕಾರ ದಕ್ಷಿಣದ್ದು. ಮುಂದೆ ಶುದ್ಧ ರಷ್ಯನ್ ಎನಿಸಿಕೊಂಡ ಮಾತು ಎರಡು ಸೀಮೆಗಳ ಬೆರಕೆ. ಭಾಷಾ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಚಿತ್ರ ಇದು: ಮೊದಲು ಮಾಸ್ಕೋದಲ್ಲಿ ಉತ್ತರದ ಒಕಾರವೇ ಆಡಳಿತದ, ಮನೆತನಸ್ಥರ ಮಾತಾಗಿತ್ತು, ದಕ್ಷಿಣದಿಂದ ಕುಶಲಕರ್ಮಿಗಳು, ಸೈನಿಕರು, ಆಳುಕಾಳುಗಳು ಬಂದು ನೆಲೆಸಿದಂತೆ ಅಕಾರ ಬೀದಿಯಿಂದ ಮನೆಗೆ, ಮನೆಯಿಂದ ಅರಮನೆಗೆ ಏರಿತು. ಚರ್ಚಿನ ಪಠಣ ಮಾತ್ರ ಒಕಾರವನ್ನು ಬಿಡಲಿಲ್ಲ. ದೇವರ ಮುಂದೆ ಅಕ್ಷರ ಇದ್ದಂತೆ ಓದಬೇಕು ಎಂಬ ನಿಯಮ ಅಲ್ಲಿ ಇವತ್ತಿಗೂ ಇದೆ.

ಇದರ ನಡುವೆ ಉತ್ತರದಲ್ಲಿ ಒಂದು ದೊಡ್ಡ ನಗರ ಸೋತಿತು. ಹನ್ಸಾ ವರ್ತಕರೊಡನೆ ವ್ಯಾಪಾರ ಮಾಡುತ್ತ, ನಗರಸಭೆಯ ಗಂಟೆ ಬಾರಿಸಿ ತೀರ್ಮಾನ ತೆಗೆದುಕೊಳ್ಳುತ್ತ ಬಾಳಿದ್ದ ನೊವ್ಗೊರೊದ್ 1478ರಲ್ಲಿ ಮೂರನೆಯ ಇವಾನನ ವಶವಾಯಿತು. ಅವನು ಆ ಗಂಟೆಯನ್ನು ಇಳಿಸಿ ಮಾಸ್ಕೋಗೆ ಸಾಗಿಸಿದ. ಹಳೆಯ ಜಮೀನುದಾರ ಮನೆತನಗಳನ್ನು ಒಕ್ಕಲೆಬ್ಬಿಸಿ ಅವರ ಜಾಗದಲ್ಲಿ ಮಾಸ್ಕೋದವರನ್ನು ಕೂರಿಸಿದ. 1510ರಲ್ಲಿ ಪ್ಸ್ಕೋವ್‌ಗೂ ಅದೇ ಗತಿ. ಈ ಎರಡು ನಗರಗಳಿಗೆ ಅವುಗಳದೇ ನುಡಿಯಿತ್ತು. ಅದು ಎಷ್ಟು ಬೇರೆಯಾಗಿತ್ತು ಎನ್ನುವುದು ತಿಳಿಯಲು ಐದು ಶತಮಾನ ಹಿಡಿಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮಾಸ್ಕೋದ ಅಕಾರಕ್ಕೆ ಪುಸ್ತಕದ ಗೌರವ ಕೊಟ್ಟವರು ಅದನ್ನು ತಾಯಿಯ ಮಡಿಲಲ್ಲಿ ಕಲಿತವರಲ್ಲ. ಮಿಖಾಯಿಲ್ ಲೊಮೊನೊಸೊವ್ 1711ರಲ್ಲಿ ಹುಟ್ಟಿದ್ದು ಅರ್ಖಾಂಗೆಲ್ಸ್ಕ್ ಸೀಮೆಯ ಖೊಲ್ಮೊಗೊರಿ ಬಳಿಯ ಹಳ್ಳಿಯಲ್ಲಿ, ಬಿಳಿ ಸಮುದ್ರದಲ್ಲಿ ಮೀನು ಹಿಡಿಯುವ ರೈತನ ಮಗನಾಗಿ. ಅಲ್ಲಿ ಎಲ್ಲರೂ ಒಕಾರದವರೇ. 1730ರ ಡಿಸೆಂಬರ್ ಚಳಿಯಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಮೀನು ಸಾಗಿಸುವ ಜಾರುಬಂಡಿಗಳ ಸಾಲಿನ ಜೊತೆ ಓದಲೆಂದು ಮಾಸ್ಕೋಗೆ ಹೊರಟರು. ಇಪ್ಪತ್ತೈದು ವರ್ಷಗಳ ನಂತರ, 1755ರಲ್ಲಿ, ತಮ್ಮ ರಷ್ಯನ್ ವ್ಯಾಕರಣವನ್ನು ಬರೆದು ಮುಗಿಸಿದಾಗ ಅದರಲ್ಲಿ ಮಾಸ್ಕೋದ ಉಚ್ಚಾರಣೆಯ ಪರವಾಗಿ ನಿಂತರು. ಅದು ರಾಜಧಾನಿಯ ಮಾತು ಎಂಬುದಷ್ಟೇ ಕಾರಣವಲ್ಲ, ಅದರ ಚೆಲುವೂ ಕಾರಣ. ಒತ್ತಿಲ್ಲದ ಒಕಾರವನ್ನು ಅಕಾರವಾಗಿ ಆಡುವುದು ಕಿವಿಗೆ ಹೆಚ್ಚು ಹಿತ ಎಂಬುದು ಅವರ ವಾದ.

ಚೆಲುವಿನ ಮಾತನ್ನು ನಾನು ಒಪ್ಪಲಾರೆ. ಒಂದು ಸ್ವರಕ್ಕಿಂತ ಇನ್ನೊಂದು ಸ್ವರ ತಾನಾಗಿಯೇ ಸುಂದರವಾಗಿರುವುದಿಲ್ಲ. ಅದನ್ನು ಆಡುವವರ ಮನೆ, ಉಡುಪು, ಅಧಿಕಾರ ಅದಕ್ಕೆ ಅಂದ ಕೊಡುತ್ತವೆ. ಆದರೆ ಲೊಮೊನೊಸೊವ್ ಬರೆದದ್ದು ಮನಸ್ಸಿಲ್ಲದೆ ಬರೆದ ಮಾತಲ್ಲ. ಹಳ್ಳಿಯ ಒಕಾರ ಹೊತ್ತು ಬಂದವರಿಗೆ ರಾಜಧಾನಿಯ ಮಾತು ಹೇಗೆ ಕೇಳಿಸುತ್ತದೆ ಎನ್ನುವುದು ಅದರಲ್ಲಿ ಪ್ರಾಮಾಣಿಕವಾಗಿ ದಾಖಲಾಗಿದೆ. ತಮ್ಮ ಉತ್ತರದ ನುಡಿಯನ್ನೂ ಅವರು ಮರೆಯಲಿಲ್ಲ. ಅದನ್ನು ರಷ್ಯನ್ನಿನ ಮುಖ್ಯ ಪ್ರಭೇದಗಳಲ್ಲಿ ಒಂದೆಂದು ಎಣಿಸಿ, ಹಳೆಯ ಸ್ಲಾವಿಕ್‌ಗೆ ಅದು ಹತ್ತಿರ ಎಂದು ಗುರುತಿಸಿದರು.

ಅಷ್ಟರಲ್ಲಿ ರಾಜಧಾನಿಯೇ ಜಾಗ ಬದಲಿಸಿತ್ತು. ಪೀಟರ್ ದೊರೆ 1703ರಲ್ಲಿ ಕಟ್ಟಿದ ಪೀಟರ್ಸ್‌ಬರ್ಗ್‌ನಲ್ಲಿ ಗುಮಾಸ್ತರು, ಅಧಿಕಾರಿಗಳು, ಪರದೇಶದವರು ತುಂಬಿದ್ದರು. ರಷ್ಯನ್ನನ್ನು ಕಾಗದದಿಂದ ಕಲಿತವರು ಅಲ್ಲಿ ಬಹಳ. ಹೀಗಾಗಿ ಅಲ್ಲಿನ ಉಚ್ಚಾರಣೆ ಬರಹಕ್ಕೆ ಹತ್ತಿರವಾಯಿತು. ಮಾಸ್ಕೋ ತನ್ನ ಹಳೆಯ ದಾರಿಯಲ್ಲೇ ನಡೆಯಿತು. ಬ್ರೆಡ್ಡಿನ ಅಂಗಡಿಗೆ ಬರಹದಲ್ಲಿ 'ಚ್ನ' ಇದ್ದರೂ ಮಾಸ್ಕೋದವರು 'ಶ್ನ' ಎಂದರು. 'ಏನು' ಎನ್ನುವುದಕ್ಕೆ ಮಾಸ್ಕೋದಲ್ಲಿ 'ಶ್ತೋ', ಪೀಟರ್ಸ್‌ಬರ್ಗ್‌ನಲ್ಲಿ ಹಲವರ ಬಾಯಲ್ಲಿ 'ಚ್ತೋ'. ಮಾಸ್ಕೋದ ಹಳೆಯ ಮಾತಿನ ಇಂಥ ನೂರಾರು ಸೂಕ್ಷ್ಮಗಳನ್ನು 1824ರಲ್ಲಿ ಬಾಗಿಲು ತೆರೆದ ಮಾಲಿ ಥಿಯೇಟರ್ ತಲೆಮಾರಿನಿಂದ ತಲೆಮಾರಿಗೆ ದಾಟಿಸಿತು. ಅಸ್ತ್ರೋವ್‌ಸ್ಕಿಯ ನಾಟಕಗಳ ವ್ಯಾಪಾರಿಗಳು, ಅವರ ಹೆಂಡಂದಿರು, ಮನೆಗೆಲಸದವರು ಅಲ್ಲಿ ಮಾಸ್ಕೋದ ನದಿಯಾಚೆಯ ಬೀದಿಗಳ ಮಾತನ್ನೇ ಆಡಿದರು. ಸರಿಯಾದ ರಷ್ಯನ್ ಹೇಗಿರುತ್ತದೆ ಎಂದು ತಿಳಿಯಬೇಕಾದವರು ಆ ರಂಗಮಂದಿರಕ್ಕೆ ಹೋಗಿ ಕೂರುತ್ತಿದ್ದರು.

ಹಳ್ಳಿಗಳ ಮಾತನ್ನು ಕಿವಿಗೊಟ್ಟು ಕೇಳಿದವರು ಬೇರೆಯೇ ಜನ. ವ್ಲದೀಮಿರ್ ದಾಲ್ ಡೆನ್ಮಾರ್ಕ್ ಮೂಲದ ತಂದೆಯ ಮಗ. ನೌಕಾಪಡೆ, ವೈದ್ಯಕೀಯ, ಸರ್ಕಾರಿ ನೌಕರಿ ಎಂದು ದೇಶದ ಉದ್ದಗಲ ಓಡಾಡುತ್ತ ಪದ ಕೂಡಿಟ್ಟವರು. 1863ರಿಂದ 1866ರ ನಡುವೆ ಹೊರಬಂದ ಅವರ ನಿಘಂಟಿನಲ್ಲಿ ಎರಡು ಲಕ್ಷದಷ್ಟು ಪದಗಳಿವೆ. ಅವರ ಕಿವಿಯ ಬಗ್ಗೆ ಒಂದು ಪ್ರಸಂಗವಿದೆ. ಕಾಣಿಕೆ ಎತ್ತಲು ಬಂದಿದ್ದ ಸನ್ಯಾಸಿಯೊಬ್ಬ ತಾನು ವೊಲೊಗ್ದಾದವನೆಂದ. ಅವನ ಒಂದೆರಡು ಮಾತು ಕೇಳಿದ ದಾಲ್, ನೀನು ಯಾರೊಸ್ಲಾವ್ಲ್ ಕಡೆಯವನಲ್ಲವೇ ಎಂದು ಕೇಳಿದರು. ಸನ್ಯಾಸಿ ಬಿಳಿಚಿಕೊಂಡು ಅವರ ಕಾಲಿಗೆ ಬಿದ್ದ. ಅವನು ಸನ್ಯಾಸಿಯ ವೇಷದಲ್ಲಿ ತಲೆಮರೆಸಿಕೊಂಡು ತಿರುಗುತ್ತಿದ್ದವನು. ಜೀತದ ಕಾಲದ ರಷ್ಯಾದಲ್ಲಿ ಓಡಿಹೋದವನ ಕೊರಳಿನ ಸ್ವರ ಅವನ ಗುರುತಿನ ಚೀಟಿಯೂ ಆಗಿತ್ತು.

ಒಬ್ಬರ ಕಿವಿಯಲ್ಲಿದ್ದ ಈ ತಿಳಿವನ್ನು ನಕಾಶೆಗೆ ಇಳಿಸುವ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುರುವಾಯಿತು. ಮಾಸ್ಕೋ ಉಪಭಾಷಾ ಆಯೋಗ ಎಂಬ ಸಣ್ಣ ಗುಂಪು ಪ್ರಶ್ನಾವಳಿಗಳನ್ನು ಹಳ್ಳಿಗಳಿಗೆ ಕಳಿಸಿತು. ಶಾಲೆಯ ಮೇಷ್ಟರು, ಪಾದ್ರಿಗಳು ಉತ್ತರ ಬರೆದು ಕಳಿಸುತ್ತಿದ್ದರು. ಆಯೋಗದವರು ತಾವೂ ತಿರುಗಿ ಕೇಳಿದರು. 1915ರಲ್ಲಿ, ಮಹಾಯುದ್ಧದ ನಡುವೆ, ನಿಕೊಲಾಯ್ ದುರ್ನೊವೊ, ನಿಕೊಲಾಯ್ ಸೊಕೊಲೊವ್ ಮತ್ತು ದ್ಮಿತ್ರಿ ಉಶಕೋವ್ ಯುರೋಪಿನ ಭಾಗದ ರಷ್ಯನ್ ನುಡಿಗಳ ಮೊದಲ ನಕಾಶೆಯನ್ನು ಹೊರತಂದರು. ಅದರಲ್ಲಿ ಉತ್ತರದ ಒಕಾರದ ನಾಡು, ದಕ್ಷಿಣದ ಅಕಾರದ ನಾಡು, ಎರಡರ ನಡುವೆ ಒಂದು ಕಿರಿದಾದ ಪಟ್ಟಿ. ಮಾಸ್ಕೋ ಆ ನಡುವಣ ಪಟ್ಟಿಯಲ್ಲಿ ಬಿತ್ತು. ಆಳುವವರ ಮಾತೂ ಒಂದು ಸೀಮೆಯ ಮಾತೇ ಎಂಬುದನ್ನು ಆ ಹಾಳೆ ಯಾವ ಭಾಷಣವೂ ಇಲ್ಲದೆ ತೋರಿಸಿತು.

ಆ ಮೂವರ ಪೈಕಿ ದುರ್ನೊವೊ ಅವರ ಕಥೆಯನ್ನು ಬೇಗ ದಾಟಿ ಹೋಗಲು ನನಗೆ ಮನಸ್ಸಾಗುವುದಿಲ್ಲ. ರಷ್ಯನ್ ಧ್ವನಿಗಳ ಚರಿತ್ರೆಯನ್ನು ಅವರಷ್ಟು ಆಳವಾಗಿ ಬಲ್ಲವರು ಆ ಕಾಲದಲ್ಲಿ ವಿರಳ. 1933ರ ಕೊನೆಯಲ್ಲಿ 'ಸ್ಲಾವಿಕ್ ವಿದ್ವಾಂಸರ ಪ್ರಕರಣ' ಎಂದು ಹೆಸರಾದ ಕಟ್ಟುಕಥೆಯ ಮೊಕದ್ದಮೆಯಲ್ಲಿ ಅವರನ್ನು ಬಂಧಿಸಿ ಸೊಲೊವ್ಕಿ ದ್ವೀಪದ ಶಿಬಿರಕ್ಕೆ ಕಳಿಸಿದರು. 1937ರ ಅಕ್ಟೋಬರ್ 27ರಂದು ಕರೇಲಿಯಾದ ಸಂದರ್ಮೋಖ್ ಕಾಡಿನಲ್ಲಿ ಗುಂಡಿಕ್ಕಿದರು. ಅಪ್ಪಟ ಮಾಸ್ಕೋದವರಾಗಿದ್ದ ಉಶಕೋವ್ ಉಳಿದರು. ನಾಲ್ಕು ಸಂಪುಟಗಳ ನಿಘಂಟನ್ನು 1940ರ ಹೊತ್ತಿಗೆ ಮುಗಿಸಿ, ಯುದ್ಧಕಾಲದಲ್ಲಿ ಊರು ಬಿಟ್ಟು 1942ರಲ್ಲಿ ತಾಷ್ಕೆಂಟ್‌ನಲ್ಲಿ ತೀರಿಕೊಂಡರು.

1918ರಲ್ಲಿ ರಾಜಧಾನಿ ಮತ್ತೆ ಮಾಸ್ಕೋಗೆ ಬಂದಿತ್ತು. ಅದೇ ವರ್ಷ ಜಾರಿಯಾದ ಅಕ್ಷರ ಸುಧಾರಣೆ, ಬಾಯಿಂದ ಯಾವತ್ತೋ ಮರೆಯಾಗಿದ್ದ ಧ್ವನಿಗಳ ಕೆಲವು ಅಕ್ಷರಗಳನ್ನು ಪುಸ್ತಕದಿಂದಲೂ ತೆಗೆಯಿತು. ಒಕಾರವನ್ನು ಮಾತ್ರ ಬರಹದಲ್ಲಿ ಹಾಗೇ ಬಿಟ್ಟರು. ಉತ್ತರದ ಮಕ್ಕಳು ಆಡಿದಂತೆ ಬರೆಯಬಹುದಾದ ಆ ಪದಗಳಲ್ಲಿ ಮಾಸ್ಕೋದ ಮಕ್ಕಳು ಇವತ್ತಿಗೂ ಎಡವುತ್ತಾರೆ.

ನಂತರ ಬಂತು ರೇಡಿಯೋ. ಯೂರಿ ಲೆವಿತಾನ್ 1914ರಲ್ಲಿ ವ್ಲದೀಮಿರ್ ಪಟ್ಟಣದ ದರ್ಜಿಯೊಬ್ಬರ ಮನೆಯಲ್ಲಿ ಹುಟ್ಟಿದ ಹುಡುಗ. ವ್ಲದೀಮಿರ್ ಮಾಸ್ಕೋದಿಂದ ಇನ್ನೂರು ಕಿಲೋಮೀಟರಿಗಿಂತ ಕಡಿಮೆ ದೂರ, ಆದರೆ ಒಕಾರದ ಸೀಮೆ. ಹದಿನೇಳರ ಪ್ರಾಯದಲ್ಲಿ ಸಿನಿಮಾ ನಟನಾಗುವ ಆಸೆಯಿಂದ ಮಾಸ್ಕೋಗೆ ಬಂದ. ಆ ಹಳ್ಳಿ ಉಚ್ಚಾರಣೆ ಕೇಳಿದವರು ಅವನನ್ನು ತೆಗೆದುಕೊಳ್ಳಲಿಲ್ಲ. ಹಿಂದಿರುಗುವ ಮುನ್ನ ರೇಡಿಯೋ ಉದ್ಘೋಷಕರು ಬೇಕೆಂಬ ಪ್ರಕಟಣೆ ಕಣ್ಣಿಗೆ ಬಿತ್ತು. ಅಲ್ಲಿಯೂ ಒಕಾರ ಅಡ್ಡ ಬಂತು, ಆದರೆ ಕಂಠದ ಕಸುವು ಕೇಳಿದವರು ಕಲಿಯುವವನಾಗಿ ಉಳಿಸಿಕೊಂಡರು. ಹಗಲೆಲ್ಲ ಸಣ್ಣಪುಟ್ಟ ಚಾಕರಿ, ಬಿಡುವಾದಾಗಲೆಲ್ಲ ಉಚ್ಚಾರಣೆಯ ಅಭ್ಯಾಸ. ಹುಟ್ಟಿನಿಂದ ಬಂದ ಸ್ವರವನ್ನು ಪದಪದದಿಂದಲೂ ಕಿತ್ತು, ಆ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಕೆಲಸ. ಮಾತಾಡುವವರಿಗೆ ಇದಕ್ಕಿಂತ ಕಠಿಣವಾದ ದುಡಿಮೆಯನ್ನು ನಾನು ಊಹಿಸಲಾರೆ. ನಾಲಿಗೆ ಒಂದು ಕ್ಷಣ ಎಚ್ಚರ ತಪ್ಪಿದರೂ ಊರು ಹೊರಬೀಳುತ್ತದೆ.

1934ರ ಜನವರಿಯ ಒಂದು ರಾತ್ರಿ ಪ್ರಾವ್ದಾ ಪತ್ರಿಕೆಯ ಅಗ್ರಲೇಖನವನ್ನು ಪ್ರಾಂತ್ಯಗಳಿಗಾಗಿ ಅಕ್ಷರ ಬಿಡಿಸಿ ಓದುತ್ತಿದ್ದ ಅವರ ದನಿ ಸ್ತಾಲಿನ್ ಕಿವಿಗೆ ಬಿತ್ತು. ಮರುದಿನ ಪಕ್ಷದ ಮಹಾಧಿವೇಶನದ ವರದಿಯನ್ನು ಆ ದನಿಯೇ ಓದಬೇಕೆಂದು ಅಪ್ಪಣೆಯಾಯಿತು. ಅಲ್ಲಿಂದ ಮುಂದೆ 1941ರ ಯುದ್ಧದ ಸುದ್ದಿ, ನಗರಗಳು ಬಿದ್ದ ಸುದ್ದಿ, ಗೆದ್ದ ಸುದ್ದಿ, 1945ರ ಮೇ 9ರ ವಿಜಯದ ಸುದ್ದಿ ಎಲ್ಲವನ್ನೂ ದೇಶ ಲೆವಿತಾನ್ ಬಾಯಲ್ಲೇ ಕೇಳಿತು. ವೊಲೊಗ್ದಾದ ಅಡುಗೆಮನೆಯಲ್ಲಿ, ಕುರ್ಸ್ಕ್‌ನ ಹೊಲದಂಚಿನ ಕಂಬದ ಕೆಳಗೆ, ಸೈಬೀರಿಯಾದ ಕಾರ್ಖಾನೆಯಲ್ಲಿ ಒಂದೇ ಅಕಾರ. ಅಷ್ಟು ಜನ ಒಟ್ಟಿಗೆ ಒಂದೇ ಉಚ್ಚಾರಣೆಯನ್ನು, ಅದೂ ಜೀವವನ್ನು ಕಿವಿಯಲ್ಲಿಟ್ಟುಕೊಂಡು ಕೇಳಿದ್ದು ಆ ದೇಶದ ಚರಿತ್ರೆಯಲ್ಲಿ ಅದೇ ಮೊದಲು. ಆ ಮಾದರಿ ದನಿಯ ಒಡೆಯ ಒಕಾರದ ಊರಿನ ಹುಡುಗ ಎಂಬುದು ಬಹುಪಾಲು ಕೇಳುಗರಿಗೆ ಗೊತ್ತಿರಲಿಲ್ಲ.

ಮಾದರಿಯನ್ನು ನಿಯಮವಾಗಿ ಬರೆದವರೂ ಹೊರಗಿನವರೇ. ರುಬೆನ್ ಅವನೆಸೊವ್ 1902ರಲ್ಲಿ ಹುಟ್ಟಿದ್ದು ಕರಾಬಾಖ್‌ನ ಶೂಶಾ ಪಟ್ಟಣದಲ್ಲಿ, ಅರ್ಮೇನಿಯನ್ ಮನೆತನದಲ್ಲಿ. ಉಶಕೋವರ ಶಿಷ್ಯ. 1950ರಲ್ಲಿ ಮೊದಲು ಹೊರಬಂದ ಅವರ ರಷ್ಯನ್ ಉಚ್ಚಾರಣೆಯ ಕೈಪಿಡಿ ಮುಂದಿನ ಹಲವು ದಶಕ ನಟರಿಗೂ ಶಿಕ್ಷಕರಿಗೂ ಆಧಾರವಾಯಿತು. 1960ರಲ್ಲಿ ರೇಡಿಯೋ ಮತ್ತು ಟೆಲಿವಿಷನ್ ನೌಕರರಿಗೆಂದೇ ಒತ್ತಿನ ನಿಘಂಟು ಬಂತು.

ಆದರೆ ಆ ಹೊತ್ತಿಗೆ ಮಾಸ್ಕೋದ ಹಳೆಯ ಮಾತೇ ಸವೆಯುತ್ತಿತ್ತು. 1926ರಲ್ಲಿ ಸೋವಿಯತ್ ದೇಶದ ನೂರಕ್ಕೆ 18 ಜನ ಮಾತ್ರ ನಗರವಾಸಿಗಳು, 1959ರಲ್ಲಿ 48. ಸಾಮೂಹಿಕ ಕೃಷಿ, ಬರಗಾಲ, ಕಾರ್ಖಾನೆ, ಯುದ್ಧ ಹೀಗೆ ಕಾರಣ ಏನೇ ಇರಲಿ, ಕೋಟ್ಯಂತರ ಹಳ್ಳಿಗರು ನಗರಕ್ಕೆ ಬಂದು ಒಂದೇ ತಲೆಮಾರಿನಲ್ಲಿ ಓದು ಕಲಿತರು. ಪುಸ್ತಕದಿಂದ ಕಲಿತವರು ಅಕ್ಷರ ಕಂಡಂತೆ ಆಡುತ್ತಾರೆ. ಬ್ರೆಡ್ಡಿನ ಅಂಗಡಿಯ 'ಶ್ನ' ನಿಧಾನವಾಗಿ 'ಚ್ನ' ಆಯಿತು; ನಿತ್ಯ ಬಳಕೆಯ ಕೆಲವು ಪದಗಳಲ್ಲಿ ಮಾತ್ರ ಹಳೆಯದು ನಿಂತಿತು. ಇನ್ನೊಂದೆಡೆ, ಒತ್ತಿಲ್ಲದ ಎಕಾರ ಇಕಾರಕ್ಕೆ ಸರಿಯಿತು. ಕಾಡುಗಳಿಗೆ 'ಲೆಸಾ', ನರಿಗೆ 'ಲಿಸಾ'. ಹಿಂದಿನ ಮಾಸ್ಕೋದ ಹಿರಿಯರು ಇವೆರಡನ್ನು ಬೇರೆಬೇರೆಯಾಗಿ ನುಡಿಯುತ್ತಿದ್ದರು, ಈಗಿನವರ ಬಾಯಲ್ಲಿ ಎರಡೂ ಒಂದೇ. ಮಿಖಾಯಿಲ್ ಪಾನೊವ್ ಎಂಬ ವಿದ್ವಾಂಸರು ಅರವತ್ತರ ದಶಕದಲ್ಲಿ ಇಂಥ ಬದಲಾವಣೆಗಳನ್ನು ಪ್ರಶ್ನಾವಳಿಗಳ ಮೂಲಕ ಅಳೆಯಲು ಮುಂದಾದರು. ಒಬ್ಬೊಬ್ಬ ವ್ಯಕ್ತಿಯ ಉಚ್ಚಾರಣೆಯನ್ನು ಚಿತ್ರ ಬರೆದಂತೆ ದಾಖಲಿಸಿದ ಅವರ ಪುಸ್ತಕ 1990ರಲ್ಲಿ ಬಂತು.

ಆಳುವವರ ಬಾಯಿ ಈ ನಿಯಮಗಳಿಗೆ ಒಳಗಾಗಿರಲಿಲ್ಲ. 1955ರ ನವೆಂಬರ್‌ನಲ್ಲಿ ಪ್ರಧಾನಿ ಬುಲ್ಗಾನಿನ್ ಜೊತೆ ಬೆಂಗಳೂರಿಗೂ ಬಂದಿದ್ದ ಕ್ರುಶ್ಚೇವ್ ಕುರ್ಸ್ಕ್ ಸೀಮೆಯ ಹಳ್ಳಿಯವರು. ಉಸಿರಿನ 'ಗ', 'ಕಮ್ಯುನಿಜ಼್ಮ್' ಎನ್ನುವಾಗ ಮೆದುವಾಗುವ 'ಜ಼' ಅವರ ಗುರುತಾಗಿದ್ದವು. ಪಕ್ಷದ ಅಧಿಕಾರಿಗಳ ಮಾತಿನಲ್ಲೂ ಆ ಮೆದು ಉಚ್ಚಾರಣೆ ಹಬ್ಬಿತ್ತು. ಸ್ತಾವ್ರೊಪೊಲ್ ಸೀಮೆಯ ಗೊರ್ಬಚೇವ್ ಅವರದೂ ಉಸಿರಿನ 'ಗ'. 'ಶುರುಮಾಡು' ಎಂಬ ಪದದ ಒತ್ತನ್ನು ಅವರು ಮೊದಲ ಅಕ್ಷರಕ್ಕೆ ಹಾಕುತ್ತಿದ್ದುದನ್ನು ದೇಶವೆಲ್ಲ ಆಡಿಕೊಂಡಿತು. ಸುಧಾರಣೆಯ ಮಾತು ಕೇಳುವ ಬದಲು ಒತ್ತನ್ನು ಹಿಡಿದು ನಕ್ಕವರು ಎಷ್ಟೋ ಜನ. ಇಲ್ಲಿ ಕನ್ನಡದ ಓದುಗರಿಗೆ ಹತ್ತಿರದ ಒಂದು ಸಂಗತಿ: ನಮ್ಮ ಪತ್ರಿಕೆಗಳು ಬರೆಯುತ್ತ ಬಂದ 'ಕ್ರುಶ್ಚೇವ್', 'ಗೊರ್ಬಚೇವ್' ಎರಡನ್ನೂ ಮಾಸ್ಕೋದವರು 'ಖ್ರುಶ್ಶೋಫ್', 'ಗರ್ಬಚೋಫ್' ಎಂದು ಕರೆಯುತ್ತಾರೆ. ಮೆದು ವ್ಯಂಜನದ ಮುಂದಿನ ಒತ್ತಿನ ಎಕಾರ ಮಧ್ಯಯುಗದಲ್ಲೇ ಒಕಾರವಾಗಿತ್ತು. ಅದನ್ನು ತೋರಿಸಲು ಅಕ್ಷರದ ಮೇಲೆ ಎರಡು ಚುಕ್ಕಿ ಇಡುವ ಪದ್ಧತಿಯನ್ನು 1783ರಲ್ಲಿ ರಾಜಕುಮಾರಿ ದಾಶ್ಕೊವಾ ಅವರ ಮನೆಯಲ್ಲಿ ಸೇರಿದ ಸಭೆ ಸೂಚಿಸಿತು. ಅಚ್ಚಿನಲ್ಲಿ ಆ ಚುಕ್ಕಿಗಳನ್ನು ಬಿಡುವುದೇ ರೂಢಿಯಾದ್ದರಿಂದ ಲೋಕವೆಲ್ಲ ಎಕಾರವನ್ನೇ ಓದಿತು.

ಇನ್ನು ಸೋತ ನೊವ್ಗೊರೊದ್. 1951ರ ಜುಲೈ 26ರಂದು ಅಲ್ಲಿನ ಉತ್ಖನನದಲ್ಲಿ ಮಣ್ಣು ಕೆದಕುತ್ತಿದ್ದ ನೀನಾ ಅಕೂಲೊವಾ ಎಂಬ ಮಹಿಳೆಗೆ ಸುರುಳಿ ಸುತ್ತಿದ ಬರ್ಚ್ ಮರದ ತೊಗಟೆ ಸಿಕ್ಕಿತು. ಅದರ ಮೇಲೆ ಅಕ್ಷರಗಳು ಕೊರೆದಿದ್ದವು. ಉತ್ಖನನದ ಮುಖ್ಯಸ್ಥ ಆರ್ತೆಮಿ ಆರ್ತ್ಸಿಖೊವ್‌ಸ್ಕಿ ಇಪ್ಪತ್ತು ವರ್ಷಗಳಿಂದ ಕಾದಿದ್ದ ಶೋಧ ಅದು. ಹನ್ನೊಂದರಿಂದ ಹದಿನೈದನೆಯ ಶತಮಾನದವರೆಗಿನ ಇಂಥ ಓಲೆಗಳು ಆ ಒಂದು ನಗರದಲ್ಲೇ ಈವರೆಗೆ 1,100ಕ್ಕೂ ಹೆಚ್ಚು ಸಿಕ್ಕಿವೆ. ಸಾಲದ ಲೆಕ್ಕ, ಮನೆಮಾತು, ಜಗಳ, ಮದುವೆಯ ಪ್ರಸ್ತಾಪ. ಒನ್ಫೀಮ್ ಎಂಬ ಬಾಲಕ ಅಕ್ಷರ ತಿದ್ದುತ್ತ ಕುದುರೆ ಸವಾರನ ಚಿತ್ರ ಬರೆದ ತೊಗಟೆಯೂ ಉಂಟು. 'ರಾಜಕುಮಾರ' ಎಂಬ ಪದ ಮೂರು ಅಕ್ಷರಗಳಿಂದ 'ಕ್ನ್ಯಾಜ಼್' ಎಂಬ ಒಂದಕ್ಕೆ ಇಳಿದ ಹಾಗೆ, ಅತಿ ಹ್ರಸ್ವ ಸ್ವರಗಳು ಪದಪದದಿಂದ ಉದುರಿದ್ದನ್ನು ಈ ಓಲೆಗಳಲ್ಲಿ ತಲೆಮಾರು ತಲೆಮಾರಾಗಿ ನೋಡಬಹುದು.

ಮೊದಲು ಓದಿದವರು ಅವುಗಳಲ್ಲಿ ತಪ್ಪುಗಳನ್ನೇ ಕಂಡರು. ಅರ್ಧ ಅಕ್ಷರಸ್ಥರ ಬರಹ ಎಂದುಕೊಂಡರು. ಎಂಬತ್ತರ ದಶಕದಲ್ಲಿ ಭಾಷಾ ವಿದ್ವಾಂಸ ಆಂದ್ರೇಯ್ ಜ಼ಲಿಜ಼್ನ್ಯಾಕ್ ಅವುಗಳನ್ನು ಕೈಗೆತ್ತಿಕೊಂಡು, ಬರೆದವರು ತಪ್ಪಿಲ್ಲ, ನಾವು ಓದುವುದು ತಪ್ಪಿದೆ ಎಂಬ ನಂಬಿಕೆಯಿಂದ ಶುರುಮಾಡಿದರು. 247ನೆಯ ಓಲೆ ಹನ್ನೊಂದನೆಯ ಶತಮಾನದ್ದು. 'ಸನ್ಯಾಸಿಯ ಕೋಣೆಯ ಬೀಗ, ಕೋಣೆಯ ಬಾಗಿಲು' ಎಂದು ಹಿಂದಿನವರು ಅದರ ಒಂದು ಸಾಲನ್ನು ಬಿಡಿಸಿದ್ದರು. ಅದು 'ಬೀಗ ಇಡಿಯಾಗಿದೆ, ಬಾಗಿಲೂ ಇಡಿಯಾಗಿವೆ' ಎಂಬ ಮಾತು. ಕಳ್ಳತನದ ದೂರು ಸುಳ್ಳು ಎಂಬುದಕ್ಕೆ ಪುರಾವೆ. 'ಇಡಿಯಾದ' ಎನ್ನುವುದಕ್ಕೆ ಉಳಿದೆಲ್ಲ ಸ್ಲಾವರು 'ತ್ಸೆ' ಎಂದು ಆರಂಭಿಸಿದರೆ ನೊವ್ಗೊರೊದ್‌ನವರು 'ಕೆ' ಎಂದಿದ್ದರು. ಕಕಾರ ಕೆಲವು ಸ್ವರಗಳ ಮುಂದೆ ತ್ಸಕಾರವಾಗುವ ಬದಲಾವಣೆ ಸ್ಲಾವ್ ನುಡಿಗಳಲ್ಲೆಲ್ಲ ಆಗಿದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಈ ನಾಡಿನಲ್ಲಿ ಅದು ಆಗಿರಲೇ ಇಲ್ಲ. ಪ್ಸ್ಕೋವ್ ಕಡೆಯ ಹಳ್ಳಿಗರ ಬಾಯಲ್ಲಿ ಉಳಿದಿದ್ದ ಇದೇ ಕಕಾರವನ್ನು ಸೋಫಿಯಾ ಗ್ಲುಸ್ಕಿನಾ 1968ರಲ್ಲೇ ಗುರುತಿಸಿದ್ದರು. 'ಒರಟು ಹಳ್ಳಿ ಮಾತು' ಎನಿಸಿಕೊಂಡದ್ದು ಸಾವಿರ ವರ್ಷದ ಹಳೆಯ ವ್ಯಾಕರಣ.

ಜ಼ಲಿಜ಼್ನ್ಯಾಕ್ ಅಲ್ಲಿಗೆ ನಿಲ್ಲಲಿಲ್ಲ. ಇವತ್ತಿನ ಯಾವ ರಷ್ಯನ್ನರೂ 'ಕೈಯಲ್ಲಿ' ಎನ್ನುವುದಕ್ಕೆ ಹಳೆಯ ಕೀವ್, ಸುಜ಼್ದಾಲ್‌ಗಳ 'ರುತ್ಸೆ' ಎನ್ನುವುದಿಲ್ಲ, 'ರುಕೆ' ಎನ್ನುತ್ತಾರೆ. 'ಸಹಾಯ ಮಾಡು' ಎನ್ನುವಾಗ 'ಪಮಜ಼ೀ' ಎನ್ನದೆ 'ಪಮಗೀ' ಎನ್ನುತ್ತಾರೆ. ಇವು ನೊವ್ಗೊರೊದ್ ನುಡಿಯ ರೂಪಗಳೊಡನೆ ಹೊಂದುತ್ತವೆ. ಮಾಸ್ಕೋದ ಮಾತು ಒಂದೇ ಕಾಂಡದಿಂದ ಬೆಳೆದದ್ದಲ್ಲ, ನೊವ್ಗೊರೊದ್‌ನ ನುಡಿಯೂ ಸುಜ಼್ದಾಲ್ ಸೀಮೆಯ ನುಡಿಯೂ ಕೂಡಿ ಆದದ್ದು ಎಂದು ಅವರು ವಾದಿಸಿದರು. ಪ್ರತಿ ಶರತ್ಕಾಲದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಆ ವರ್ಷ ಸಿಕ್ಕ ಓಲೆಗಳ ಬಗ್ಗೆ ಅವರು ಕೊಡುತ್ತಿದ್ದ ಉಪನ್ಯಾಸಕ್ಕೆ ವಿದ್ಯಾರ್ಥಿಗಳು, ಶಾಲಾ ಮಕ್ಕಳು, ಎಂಜಿನಿಯರುಗಳು ಬಂದು, ಕೂರಲು ಜಾಗವಿಲ್ಲದೆ ನಿಂತು ಕೇಳುತ್ತಿದ್ದರು. 2017ರಲ್ಲಿ ಅವರು ತೀರಿಕೊಂಡರು.

ಇತ್ತ ಹಳ್ಳಿಗಳ ಮಾತನ್ನು ನಕಾಶೆಗೆ ಇಳಿಸುವ ಕೆಲಸವೂ ಮುಂದುವರಿದಿತ್ತು. ಎರಡನೆಯ ಮಹಾಯುದ್ಧ ಮುಗಿದ ಕೂಡಲೇ ಅವನೆಸೊವ್ ಮತ್ತು ಸಂಗಡಿಗರು ಶುರುಮಾಡಿದ ದೊಡ್ಡ ಉಪಭಾಷಾ ಭೂಪಟಕ್ಕಾಗಿ 4 ಸಾವಿರಕ್ಕೂ ಹೆಚ್ಚು ಹಳ್ಳಿಗಳ ಮಾತು ದಾಖಲಾಯಿತು. ಮಾಸ್ಕೋದ ಉಚ್ಚಾರಣೆಗೆ ನಿಯಮ ಬರೆದ ಅದೇ ಕೈಗಳು ಹಳ್ಳಿಯ ಉಚ್ಚಾರಣೆಯನ್ನೂ ಉಳಿಸಿದವು. ಮೊದಲ ಸಂಪುಟ ಅಚ್ಚಾದದ್ದು 1986ರಲ್ಲಿ. ಅಷ್ಟರಲ್ಲಿ ಅವನೆಸೊವ್ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಮಾತು ಕೊಟ್ಟ ಅಜ್ಜಿಯರಲ್ಲಿ ಬಹುಪಾಲು ಇರಲಿಲ್ಲ. ಕಳೆದ ದಶಕದಲ್ಲಿ ಭಾಷಾ ಸಂಶೋಧಕರ ಒಂದು ತಂಡ ಅರ್ಖಾಂಗೆಲ್ಸ್ಕ್ ಸೀಮೆಯ ಉಸ್ತ್ಯಾ ನದಿಯ ಬದಿಯ ಮಿಖಾಲೆವ್‌ಸ್ಕಾಯಾ ಹಳ್ಳಿಯಲ್ಲಿ ಹಿರಿಯರನ್ನೂ ಕಿರಿಯರನ್ನೂ ಮಾತಾಡಿಸಿ ಧ್ವನಿಮುದ್ರಿಸಿತು. ಒಂದೇ ಊರಿನೊಳಗೆ, 1920ರ ದಶಕದಲ್ಲಿ ಹುಟ್ಟಿದವರ ಬಾಯಲ್ಲಿ ಉತ್ತರದ ನುಡಿಯ ಲಕ್ಷಣಗಳು ದಟ್ಟವಾಗಿವೆ. ತಲೆಮಾರು ದಾಟಿದಂತೆ ತೆಳುವಾಗಿ, ಎಂಬತ್ತರ ದಶಕದ ನಂತರ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಇಲ್ಲ. ಆ ಮುದ್ರಣಗಳನ್ನು ತಂಡ ಎಲ್ಲರಿಗೂ ಕೇಳಲು ತೆರೆದಿಟ್ಟಿದೆ.